ಆಟ ಕೊಡುವ ನೇರ ಉತ್ತರ

2023ರ ಡಿಸೆಂಬರ್‌ನಲ್ಲಿ ಅಮೆರಿಕದ ಒಕ್ಲಹೋಮಾ ರಾಜ್ಯದ 13 ವರ್ಷದ ಹುಡುಗನೊಬ್ಬ ಟೆಟ್ರಿಸ್ ಆಡುತ್ತ ಆಡುತ್ತ ಆಟವನ್ನೇ ಸ್ತಬ್ಧಗೊಳಿಸಿದ. 1989ರಲ್ಲಿ ನಿಂಟೆಂಡೊ ಯಂತ್ರಕ್ಕೆಂದು ಹೊರಬಂದ ಹಳೆಯ ಟೆಟ್ರಿಸ್ ಅದು. ಅದರ 29ನೇ ಲೆವೆಲ್ ತಲುಪಿದರೆ ಮೇಲಿನಿಂದ ಬೀಳುವ ತುಂಡು ತಳ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗ ಸಾಕು. ಅಷ್ಟು ಬೇಗ ಬಟನ್ ಒತ್ತುವುದು ಮನುಷ್ಯರಿಂದಾಗದ ಕೆಲಸ, ಆಟ ಅಲ್ಲಿಗೆ ಮುಗಿದ ಹಾಗೆಯೇ ಎಂದು ಎಷ್ಟೋ ವರ್ಷ ಎಲ್ಲರೂ ನಂಬಿದ್ದರು. ಆಮೇಲೆ ಆಟಗಾರರೇ ಒಂದು ಉಪಾಯ ಕಂಡುಕೊಂಡರು. ಹೆಬ್ಬೆರಳನ್ನು ಬಟನ್ ಮೇಲೆ ಹಗುರವಾಗಿ ಇಟ್ಟು, ಇನ್ನೊಂದು ಕೈಯ ಬೆರಳುಗಳಿಂದ ಕಂಟ್ರೋಲರ್‌ನ ಬೆನ್ನನ್ನು ತಬಲಾ ನುಡಿಸುವ ಹಾಗೆ ಒಂದರ ಹಿಂದೊಂದು ತಟ್ಟುವುದು. ಪ್ರತಿ ತಟ್ಟಿಗೂ ಬಟನ್ ತಾನಾಗಿ ಹೆಬ್ಬೆರಳಿಗೆ ಒತ್ತಿಕೊಳ್ಳುತ್ತದೆ. ಈ ಹುಡುಗ ಹೀಗೆ ತಟ್ಟುತ್ತಲೇ ಸುಮಾರು 40 ನಿಮಿಷ ಆಡಿ 157ನೇ ಲೆವೆಲ್‌ಗೆ ಹೋದ. ಅಲ್ಲಿ ಆಟದ ಪ್ರೋಗ್ರಾಂ ದಿಕ್ಕುಗೆಟ್ಟು ನಿಂತೇಹೋಯಿತು. 34 ವರ್ಷದಲ್ಲಿ ಯಾವ ಮನುಷ್ಯನೂ ಆ ಜಾಗ ಮುಟ್ಟಿರಲಿಲ್ಲ. ದೇಶದೇಶಗಳ ಪತ್ರಿಕೆಗಳು ಇದನ್ನು ಸಂಭ್ರಮದಿಂದ ವರದಿ ಮಾಡಿದವು. ಬ್ರಿಟನ್ನಿನ ಟಿವಿ ನಿರೂಪಕಿಯೊಬ್ಬರು ಮಾತ್ರ, ತಾಯಿಯಾಗಿ ಹೇಳುತ್ತಿದ್ದೇನೆ, ಸ್ಕ್ರೀನ್ ಬಿಟ್ಟು ಹೊರಗೆ ಹೋಗಿ ಗಾಳಿ ತೆಗೆದುಕೋ, ಟೆಟ್ರಿಸ್ ಗೆಲ್ಲುವುದು ಬದುಕಿನ ಗುರಿಯಲ್ಲ ಎಂಬರ್ಥದ ಮಾತಾಡಿದರು.

ನಮ್ಮ ಮನೆಗಳಲ್ಲೂ ದಿನಬೆಳಗಾದರೆ ಕೇಳಿಬರುವ ಮಾತದು. ಅದರ ಹಿಂದಿನ ಕಾಳಜಿ ನಿಜವಾದದ್ದೇ. ಆದರೆ ಆ ಕಾಳಜಿ ಒಂದು ಪ್ರಶ್ನೆಯನ್ನು ದಾಟಿಕೊಂಡು ಮುಂದೆ ಹೋಗಿಬಿಡುತ್ತದೆ. ಅಷ್ಟು ಶ್ರಮಪಟ್ಟು, ಅಷ್ಟು ಸಲ ಸೋತು, ಮಕ್ಕಳೂ ದೊಡ್ಡವರೂ ವಿಡಿಯೊ ಗೇಮ್ ಯಾಕೆ ಆಡುತ್ತಾರೆ? ಸಿದ್ಧ ಉತ್ತರಗಳು ನಮ್ಮ ಬಳಿ ಬೇಕಾದಷ್ಟಿವೆ: ಬಣ್ಣಬಣ್ಣದ ಚಿತ್ರ, ಟೈಂಪಾಸ್, ಓದಿನಿಂದ ತಪ್ಪಿಸಿಕೊಳ್ಳುವ ದಾರಿ, ಚಟ. ಟೆಟ್ರಿಸ್‌ನಂಥ ಆಟವನ್ನು ಈ ಉತ್ತರಗಳು ವಿವರಿಸಲಾರವು. 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಕಂಪ್ಯೂಟರ್ ಕೇಂದ್ರದಲ್ಲಿ ಅಲೆಕ್ಸಿ ಪಜಿತ್ನೊವ್ ಅದನ್ನು ಬರೆದಾಗ ಅವರ ಮುಂದಿದ್ದ ಕಂಪ್ಯೂಟರಿಗೆ ಚಿತ್ರ ತೋರಿಸುವ ಶಕ್ತಿಯೇ ಇರಲಿಲ್ಲ. ಆವರಣ ಚಿಹ್ನೆಗಳನ್ನು ಜೋಡಿಸಿ ಚೌಕಗಳನ್ನು ಮೂಡಿಸಿದರು. ಅದರಲ್ಲಿ ಕಥೆಯಿಲ್ಲ, ನಾಯಕನಿಲ್ಲ, ವೈರಿಯಿಲ್ಲ, ಬಹುಮಾನವೂ ಇಲ್ಲ. ನಾಲ್ಕು ಚೌಕಗಳಿಂದಾದ ಏಳು ಆಕಾರಗಳು ಮೇಲಿನಿಂದ ಬೀಳುತ್ತವೆ. ಸಾಲು ತುಂಬಿದರೆ ಅಳಿಯುತ್ತದೆ, ತುಂಬದಿದ್ದರೆ ರಾಶಿ ಬೆಳೆಯುತ್ತದೆ. ಎಷ್ಟೇ ಚೆನ್ನಾಗಿ ಆಡಿದರೂ ಕೊನೆಗೆ ಸೋಲೇ. ಇಂಥದ್ದು ನಾಲ್ಕು ದಶಕ ಕಳೆದರೂ ಜಗತ್ತಿನ ಮೆಚ್ಚಿನ ಆಟಗಳ ಸಾಲಿನಲ್ಲಿ ಉಳಿದಿದೆ. ನಾವು ಮಾಡಿದ ಕೆಲಸಕ್ಕೆ ಆಗಿಂದಾಗಲೇ, ಮುಖ ನೋಡದೆ ಮಣೆ ಹಾಕದೆ, ನೇರವಾದ ಉತ್ತರ ಸಿಗುವ ಜಾಗಗಳು ಬದುಕಿನಲ್ಲಿ ಬಹಳ ಕಡಿಮೆ. ಒಳ್ಳೆಯ ವಿಡಿಯೊ ಗೇಮ್ ಅಂಥ ಒಂದು ಜಾಗ, ಜನ ಅಲ್ಲಿಗೆ ಮತ್ತೆ ಮತ್ತೆ ಹೋಗುವುದು ಆ ಉತ್ತರಕ್ಕಾಗಿ ಎಂಬುದು ನನ್ನ ವಾದ. ಯಾವ ಗೇಮ್ ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ತೀರ್ಮಾನಿಸುವಾಗಲೂ ಆ ಉತ್ತರ ಎಷ್ಟು ಪ್ರಾಮಾಣಿಕ ಎಂಬುದನ್ನೇ ಮೊದಲು ನೋಡಬೇಕು. ಎಷ್ಟು ಗಂಟೆ ಆಡಿದರು ಎಂಬ ಲೆಕ್ಕ ಆಮೇಲಿನದು.

1985ರ ಸೂಪರ್ ಮಾರಿಯೊ ಬ್ರದರ್ಸ್ ಆಟದ ಮೊದಲ ಒಂದು ನಿಮಿಷವನ್ನು ಹತ್ತಿರದಿಂದ ನೋಡಿದರೆ ಈ ಉತ್ತರ ಹೇಗೆ ಬರುತ್ತದೆಂದು ತಿಳಿಯುತ್ತದೆ. ಮಾರಿಯೊ ಪರದೆಯ ಎಡಭಾಗದಲ್ಲಿ ಬಲಕ್ಕೆ ಮುಖಮಾಡಿ ನಿಂತಿದ್ದಾನೆ. ಬಲಗಡೆ ಪೂರ್ತಿ ಖಾಲಿ. ಯಾರೂ ಏನೂ ಹೇಳುವುದಿಲ್ಲ, ಆದರೂ ಆಡುವವರ ಬೆರಳು ತಾನಾಗಿ ಬಲದ ಬಟನ್‌ಗೆ ಹೋಗುತ್ತದೆ. ಸ್ವಲ್ಪ ನಡೆದರೆ ಮೇಲೆ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯೊಂದು ಮಿನುಗುತ್ತಿರುತ್ತದೆ, ಎದುರಿನಿಂದ ಹುಬ್ಬು ಗಂಟಿಕ್ಕಿಕೊಂಡ ಕಂದು ಬಣ್ಣದ ಪ್ರಾಣಿ ಬರುತ್ತದೆ. ಸುಮ್ಮನೆ ನಿಂತರೆ ಅದು ತಾಗಿ ಮಾರಿಯೊ ಸಾಯುತ್ತಾನೆ. ಕಳೆದುಕೊಂಡದ್ದು ಕೆಲವೇ ಸೆಕೆಂಡು, ಆಟ ಮತ್ತೆ ಶುರು. ಈ ಸಲ ಹಾರಲೇಬೇಕು. ಹಾರಿದಾಗ ತಲೆ ಪೆಟ್ಟಿಗೆಗೆ ತಾಗಿದರೆ ನಾಣ್ಯ ಬರುತ್ತದೆ, ಇಳಿಯುವಾಗ ಕಾಲು ಪ್ರಾಣಿಯ ಮೇಲೆ ಬಿದ್ದರೆ ಅದು ಚಪ್ಪಟೆಯಾಗುತ್ತದೆ. ಮುಂದಿನ ಪೆಟ್ಟಿಗೆಯೊಂದರಿಂದ ಅಣಬೆ ಹೊರಬಂದು ಬಲಕ್ಕೆ ಸರಿದು, ಹಸಿರು ಕೊಳವೆಗೆ ಬಡಿದು ವಾಪಸ್ ಆಡುವವರ ಕಡೆಗೇ ಬರುತ್ತದೆ. ಹೊಸಬರಿಗೆ ಅದೂ ವೈರಿಯೆಂದೇ ಅನಿಸುತ್ತದೆ. ಹಾರಿ ತಪ್ಪಿಸಿಕೊಳ್ಳೋಣವೆಂದರೆ ತಲೆಯ ಮೇಲೆ ಇಟ್ಟಿಗೆಗಳ ಸಾಲು ಅಡ್ಡ. ಅಣಬೆ ತಾಗಿಯೇ ತಾಗುತ್ತದೆ, ಮಾರಿಯೊ ಎತ್ತರವಾಗಿ ಬೆಳೆಯುತ್ತಾನೆ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಆ ಕೊಳವೆಯನ್ನೂ ಆ ಇಟ್ಟಿಗೆಗಳನ್ನೂ ಅಲ್ಲಿ ಇಟ್ಟದ್ದು ಇದನ್ನು ಕಲಿಸಲಿಕ್ಕೆಂದೇ. ಒಂದಕ್ಷರ ಓದಿಸದೆ ಒಂದು ನಿಮಿಷದಲ್ಲಿ ನಾಲ್ಕೈದು ಪಾಠ ಮುಗಿದಿರುತ್ತದೆ. 1990ರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ನಕಲು ಯಂತ್ರಗಳ ಜೊತೆ ಈ ಆಟ ನಮ್ಮ ಊರುಗಳಿಗೂ ಬಂತು. ಇಂಗ್ಲಿಷ್ ಓದಲು ಬಾರದ ಮಕ್ಕಳೂ ಯಾರನ್ನೂ ಕೇಳದೆ ಇದನ್ನು ಕಲಿತರು. ಕ್ಯೋಟೋದ ಮಗುವಿಗೆ ಸಿಕ್ಕ ಉತ್ತರವೇ ದಾವಣಗೆರೆಯ ಮಗುವಿಗೂ ಸಿಕ್ಕಿತು. ತಂದೆಯ ಸಂಬಳ, ಮನೆಯ ಭಾಷೆ, ಜಾತಿ ಯಾವುದನ್ನೂ ಆಟ ಕೇಳಲಿಲ್ಲ.

ಸೋಲಿಗೆ ತೆರಬೇಕಾದ ಬೆಲೆಯನ್ನು ಹೀಗೆ ಇಳಿಸಿದ್ದು ವಿಡಿಯೊ ಗೇಮ್‌ಗಳ ದೊಡ್ಡ ಸಾಧನೆ ಎಂದು ನನಗನಿಸುತ್ತದೆ. 2018ರ ಸೆಲೆಸ್ಟ್ ಎಂಬ ಆಟದಲ್ಲಿ ಮೆಡೆಲಿನ್ ಎಂಬ ಯುವತಿ ಬೆಟ್ಟ ಹತ್ತುತ್ತಾಳೆ. ಮುಳ್ಳುಗಳ ನಡುವೆ ಹಾರುವಾಗ ಕೂದಲೆಳೆಯಷ್ಟು ತಪ್ಪಿದರೂ ಸಾವು, ಮರುಕ್ಷಣದಲ್ಲೇ ಅದೇ ತಾಣದ ಆರಂಭದಲ್ಲಿ ಮತ್ತೆ ಎದ್ದು ನಿಂತಿರುತ್ತಾಳೆ. ಎಷ್ಟು ಸಲ ಸತ್ತೆವು ಎಂಬುದನ್ನು ಆಟ ಎಣಿಸಿಡುತ್ತದೆ, ಆ ಸಂಖ್ಯೆಯ ಬಗ್ಗೆ ನಾಚಿಕೆ ಬೇಡ, ಹೆಮ್ಮೆಪಡು ಎಂದು ಹುರಿದುಂಬಿಸುತ್ತದೆ. ತೀರಾ ಕಷ್ಟವೆನಿಸಿದವರು ಆಟದ ವೇಗ ತಗ್ಗಿಸಿಕೊಂಡು ಆಡಬಹುದು. ಇದರ ಪಕ್ಕದಲ್ಲಿ ನಮ್ಮ ವಿದ್ಯಾರ್ಥಿಯ ಒಂದು ವರ್ಷವನ್ನು ಇಟ್ಟು ನೋಡಿ. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬರೆದು ವಾರಗಟ್ಟಲೆ ಕಾದ ಮೇಲೆ ಒಂದು ಅಂಕಿ ಬರುತ್ತದೆ. ಯಾವ ಲೆಕ್ಕದಲ್ಲಿ, ಯಾವ ಹೆಜ್ಜೆಯಲ್ಲಿ ಎಡವಿದ್ದು ಎಂಬುದು ಅದರಲ್ಲಿರುವುದಿಲ್ಲ. ತಿಳಿಯಬೇಕಿದ್ದರೆ ಅರ್ಜಿ ಹಾಕಿ, ಶುಲ್ಕ ಕಟ್ಟಿ ಉತ್ತರ ಪತ್ರಿಕೆಯ ಪ್ರತಿ ತರಿಸಿಕೊಳ್ಳಬೇಕು. ಫೇಲಾದವರ ಸುದ್ದಿ ಬೀದಿಯಲ್ಲೆಲ್ಲ ಹರಡಿರುತ್ತದೆ. 2024ರಲ್ಲಿ ರಾಜ್ಯದಲ್ಲಿ ಪರೀಕ್ಷೆ–1, 2, 3 ಎಂದು ಒಂದೇ ವರ್ಷದಲ್ಲಿ ಮೂರು ಅವಕಾಶ ಕೊಟ್ಟದ್ದು ಒಳ್ಳೆಯ ಹೆಜ್ಜೆ. ಆದರೆ ಮತ್ತೊಂದು ಅವಕಾಶ ಸಿಕ್ಕರೆ ಅರ್ಧ ಕೆಲಸವಾದಂತೆ. ಹಿಂದಿನ ಸಲ ಎಡವಿದ್ದೆಲ್ಲಿ ಎಂದು ಆ ಕೂಡಲೇ ತಿಳಿಯುವುದು ಉಳಿದರ್ಧ. ಆ ಉಳಿದರ್ಧವನ್ನು ಹದಿನೈದರ ಹುಡುಗನಿಗೆ ದಿನಾ ಸಂಜೆ ಕೊಡುತ್ತಿರುವುದು ಅವನ ಕೈಲಿರುವ ಗೇಮ್. ಪದವಿ ಮುಗಿಸಿ ನೂರು ಕಡೆ ಅರ್ಜಿ ಹಾಕಿ, ಆಯ್ಕೆಯಾಗಿಲ್ಲ ಎಂಬ ಒಂದು ಸಾಲೂ ಬಾರದೆ ಕಾಯುವ ಯುವಕ ಯುವತಿಯರಿಗೂ ಎಡವಿದ್ದೆಲ್ಲಿ ಎಂದು ತಿಳಿಯುವುದಿಲ್ಲ.

ಮನಶ್ಶಾಸ್ತ್ರದ ಅಧ್ಯಯನಗಳು ಕೂಡ ಇದೇ ದಿಕ್ಕಿಗೆ ಕೈ ತೋರುತ್ತವೆ. ರಿಚರ್ಡ್ ರಯಾನ್, ಸ್ಕಾಟ್ ರಿಗ್ಬಿ ಮತ್ತು ಆಂಡ್ರ್ಯೂ ಶಿಬಿಲ್‌ಸ್ಕಿ 2006ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಒಂದು ಗೇಮ್ ಎಷ್ಟು ಹಿಡಿಸುತ್ತದೆ, ಮತ್ತೆ ಆಡಬೇಕೆನಿಸುತ್ತದೆಯೇ ಎಂಬುದಕ್ಕೆ ಮೂರು ಅನುಭವಗಳು ಕಾರಣವೆಂದು ಕಂಡುಬಂತು. ನಿರ್ಧಾರ ನನ್ನದೇ ಎಂಬ ಭಾವ, ನನ್ನ ಕೈ ಪಳಗುತ್ತಿದೆ ಎಂಬ ಭಾವ, ಇನ್ನೊಬ್ಬರ ಜೊತೆಗಿದ್ದೇನೆ ಎಂಬ ಭಾವ. ಈ ಮೂರೂ ಮನುಷ್ಯನಿಗೆ ಎಲ್ಲೆಲ್ಲೂ ಬೇಕಾದವೇ. ಹೊಲದಲ್ಲಿ, ಆಫೀಸಿನಲ್ಲಿ, ಅಡುಗೆಮನೆಯಲ್ಲಿ, ತರಗತಿಯಲ್ಲಿ. ಗೇಮ್ ಇವುಗಳನ್ನು ಹೊಸದಾಗಿ ಹುಟ್ಟಿಸುವುದಿಲ್ಲ, ಬೇಗ ಕೊಡುತ್ತದೆ, ತಪ್ಪದೆ ಕೊಡುತ್ತದೆ.

ಇಲ್ಲಿ ನ್ಯಾಯವಾದ ಆಕ್ಷೇಪವೊಂದಿದೆ. ಕೈ ಪಳಗಬೇಕಾದ, ಸೋತು ಕಲಿಯಬೇಕಾದ ಆಟಗಳಿಗೆ ಈ ವಾದ ಸರಿ. ಆದರೆ ಕೋಟಿಗಟ್ಟಲೆ ಜನ ಇಷ್ಟಪಡುವ ಎಷ್ಟೋ ಗೇಮ್‌ಗಳಲ್ಲಿ ಸೋಲೇ ಇಲ್ಲವಲ್ಲ? ಅನಿಮಲ್ ಕ್ರಾಸಿಂಗ್‌ನಲ್ಲಿ ದ್ವೀಪವೊಂದರಲ್ಲಿ ಮೀನು ಹಿಡಿದು, ಹಣ್ಣು ಕಿತ್ತು, ಮನೆ ಅಲಂಕರಿಸಿಕೊಂಡು ಇರಬಹುದು. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಗೇಮ್ ಎನಿಸಿಕೊಂಡ, 2023ರ ಹೊತ್ತಿಗೆ 30 ಕೋಟಿ ಪ್ರತಿ ದಾಟಿದ ಮೈನ್‌ಕ್ರಾಫ್ಟ್‌ನಲ್ಲಿ ಇದನ್ನೇ ಮಾಡು ಎಂದು ಯಾರೂ ಹೇಳುವುದಿಲ್ಲ. ಈ ಆಕ್ಷೇಪ ನನ್ನ ವಾದವನ್ನು ತಿದ್ದುತ್ತದೆ, ಬೀಳಿಸುವುದಿಲ್ಲ. ಮುಖ್ಯವಾದದ್ದು ಕಷ್ಟವಲ್ಲ, ಮಾಡಿದ್ದು ಲೆಕ್ಕಕ್ಕೆ ಬರುವುದು. ಮೈನ್‌ಕ್ರಾಫ್ಟ್‌ನಲ್ಲಿ ಮರ ಕಡಿದರೆ ದಿಮ್ಮಿ ಸಿಗುತ್ತದೆ, ದಿಮ್ಮಿ ಸೀಳಿದರೆ ಹಲಗೆ, ಹಲಗೆಯಿಂದ ಕೆಲಸದ ಮೇಜು, ಮೇಜಿನ ಮೇಲೆ ಗುದ್ದಲಿ, ಗುದ್ದಲಿಯಿಂದ ಕಲ್ಲು. ಕತ್ತಲಾಗುವುದರೊಳಗೆ ನಾಲ್ಕು ಗೋಡೆ ಎಬ್ಬಿಸಿದ್ದರೆ ರಾತ್ರಿಯ ಪಿಶಾಚಿಗಳಿಂದ ಬಚಾವು. ಹತ್ತು ದಿನ ಬಿಟ್ಟು ಬಂದರೂ ಆ ಗೋಡೆ, ತಾನು ಇಟ್ಟ ಕಿಟಕಿ, ತಾನು ನೆಟ್ಟ ಗಿಡ ಅಲ್ಲೇ ಇರುತ್ತವೆ. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಲೂ ಓನರ್ ಬಿಡದಿರುವ ನಗರದಲ್ಲಿ ಬೆಳೆಯುವ ಮಗುವಿಗೆ ಇದು ಸಣ್ಣ ಸಂಗತಿಯಲ್ಲ. ಕೆಲವು ಮಕ್ಕಳು ಅದರೊಳಗಿನ ರೆಡ್‌ಸ್ಟೋನ್ ಎಂಬ ಪುಡಿಯನ್ನು ವೈರಿನ ಹಾಗೆ ಹಾಸಿ, ತಾನಾಗಿ ತೆರೆಯುವ ಬಾಗಿಲಿನಿಂದ ಹಿಡಿದು ಕೂಡುವ ಕಳೆಯುವ ಯಂತ್ರದವರೆಗೆ ಕಟ್ಟುತ್ತಾರೆ. ಯಾರೂ ಹೋಂವರ್ಕ್ ಕೊಟ್ಟಿರುವುದಿಲ್ಲ.

ಇನ್ನೊಂದು ಆಕ್ಷೇಪ, ನಮ್ಮ ಹುಡುಗರು ಆಡುವುದು ಬಿಜಿಎಂಐ, ಫ್ರೀ ಫೈರ್ ಮ್ಯಾಕ್ಸ್‌ನಂಥ ಗುಂಡು ಹಾರಿಸುವ ಮೊಬೈಲ್ ಗೇಮ್. ಗೆಳೆಯರೆಲ್ಲ ಆಡುತ್ತಾರೆಂದು ಇವರೂ ಆಡುತ್ತಾರೆ, ಇದರಲ್ಲಿ ಉತ್ತರ ಪತ್ತರ ಏನೂ ಇಲ್ಲ ಎನ್ನುವುದು. ಗೆಳೆತನವೇ ಕಾರಣ ಎಂಬುದನ್ನು ಒಪ್ಪೋಣ. ಆ ಸೆಳೆತ ಸಣ್ಣದಲ್ಲ. ಪಬ್‌ಜಿ ಮೊಬೈಲ್ ಭಾರತದಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ನಿಷೇಧವಾಯಿತು. ಅದರ ಭಾರತೀಯ ರೂಪವಾಗಿ 2021ರಲ್ಲಿ ಬಂದ ಬಿಜಿಎಂಐ ಒಂದೇ ವರ್ಷದಲ್ಲಿ 10 ಕೋಟಿ ಬಳಕೆದಾರರನ್ನು ದಾಟಿತು ಎಂದು ಕಂಪನಿ ಹೇಳಿಕೊಂಡಿತು. ಅದೂ ಸ್ವಲ್ಪ ಕಾಲ ಮರೆಯಾಗಿ 2023ರಲ್ಲಿ ಮರಳಿದಾಗ ಹುಡುಗರು ಹಬ್ಬ ಬಂದಂತೆ ಡೌನ್‌ಲೋಡ್ ಮಾಡಿಕೊಂಡರು. ಆದರೆ ಅದು ಎಂಥ ಗೆಳೆತನ ಎಂದು ಕೇಳಬೇಕು. ಈ ಆಟದಲ್ಲಿ ನೂರು ಜನ ವಿಮಾನದಿಂದ ದ್ವೀಪಕ್ಕೆ ಧುಮುಕುತ್ತಾರೆ, ಸುರಕ್ಷಿತ ಜಾಗದ ವೃತ್ತ ಚಿಕ್ಕದಾಗುತ್ತ ಹೋಗುತ್ತದೆ, ಕೊನೆಗೆ ಒಂದು ತಂಡ ಉಳಿಯುತ್ತದೆ. ನಾಲ್ವರ ತಂಡದಲ್ಲಿ ಒಬ್ಬ ಹುಬ್ಬಳ್ಳಿಯವನು, ಒಬ್ಬ ತುಮಕೂರಿನವನು ಇರಬಹುದು. ಒಬ್ಬ ಗುಂಡೇಟಿಗೆ ಬಿದ್ದಾಗ ಇಯರ್‌ಫೋನಿನಲ್ಲಿ ಬರುವ ಮಾತು ಇಷ್ಟೇ: ‘ಲೋ, ನಾಕ್ ಆದೆ ಕಣೋ, ಸ್ಮೋಕ್ ಹಾಕಿ ರಿವೈವ್ ಕೊಡು.’ ಗೆಳೆಯ ಹೊಗೆ ಬಾಂಬು ಎಸೆದು, ಆ ಹೊಗೆಯ ಮರೆಯಲ್ಲಿ ಓಡಿ ಬಂದು, ಕೆಲವು ಸೆಕೆಂಡು ಅಲುಗಾಡದೆ ಕೂತು ಅವನನ್ನು ಎಬ್ಬಿಸಬೇಕು. ಅಷ್ಟು ಹೊತ್ತು ತಾನೂ ಗುಂಡಿಗೆ ಗುರಿ. ಬಂದನೋ ಬರಲಿಲ್ಲವೋ ಎಂಬುದು ಎಲ್ಲರಿಗೂ ಕಾಣುತ್ತದೆ, ಮುಚ್ಚಿಡಲಾಗದು. ಗೆಳೆಯನ ಮಾತು ನಡತೆ ಎರಡೂ ಅಲ್ಲೇ ಪರೀಕ್ಷೆಗೆ ಒಳಗಾಗುತ್ತವೆ. ಗಲ್ಲಿ ಕ್ರಿಕೆಟ್‌ಗೆ ಜಾಗ ಉಳಿಯದ ಊರುಗಳಲ್ಲಿ ಹುಡುಗರಿಗೆ ಉಳಿದಿರುವ ಸಾಮೂಹಿಕ ಆಟ ಇದೇ ಎಂಬುದು ಬೇಸರದ ಸಂಗತಿ, ಆದರೆ ಆ ಬೇಸರಕ್ಕೆ ಹೊಣೆ ಗೇಮ್ ಅಲ್ಲ, ಸೈಟುಗಳಾಗಿ ಹೋದ ನಮ್ಮ ಮೈದಾನಗಳು.

ಕಥೆ ಹೇಳುವ ಗೇಮ್‌ಗಳಲ್ಲೂ ಇದೇ ಗುಣ ಕೆಲಸ ಮಾಡುತ್ತದೆ. ಕಥೆ ಬೇಕಿದ್ದರೆ ಸಿನಿಮಾ ಇದೆಯಲ್ಲ ಎನ್ನುವವರು 2023ರ ವೆಣ್ಬಾ ಎಂಬ ಪುಟ್ಟ ಗೇಮನ್ನು ನೋಡಬೇಕು. 1980ರ ದಶಕದಲ್ಲಿ ಕೆನಡಾಕ್ಕೆ ವಲಸೆ ಹೋದ ತಮಿಳು ದಂಪತಿ, ಅಲ್ಲೇ ಹುಟ್ಟಿ ಬೆಳೆದು ತಾಯಿಭಾಷೆಯಿಂದ ದೂರವಾಗುವ ಮಗ. ತಾಯಿಯ ಬಳಿ ಅವಳ ಅಮ್ಮನ ಅಡುಗೆ ಪುಸ್ತಕವಿದೆ, ಹರಿದಿದೆ, ಅಕ್ಷರಗಳು ಅಳಿಸಿವೆ. ಮೊದಲ ಅಡುಗೆಯೇ ಇಡ್ಲಿ. ಹಿಟ್ಟು ಯಾವಾಗ ಹೊಯ್ಯಬೇಕು, ತಟ್ಟೆಗಳನ್ನು ಹೇಗೆ ಒಂದರ ಮೇಲೊಂದು ಕೂರಿಸಬೇಕು ಎಂಬುದನ್ನು ಉಳಿದ ಗುರುತುಗಳಿಂದ ಆಡುವವರೇ ಊಹಿಸಬೇಕು. ನಮ್ಮ ಮನೆಗಳಲ್ಲಿ ನಿದ್ದೆಗಣ್ಣಿನಲ್ಲೂ ಮಾಡುವ ಕೆಲಸವದು. ಇಡ್ಲಿಯನ್ನೇ ಕಾಣದ ಬೇರೆ ದೇಶದ ಆಟಗಾರನ ಕೈ ಅಲ್ಲಿ ತಡಕಾಡುತ್ತದೆ, ತಪ್ಪುತ್ತದೆ, ಮತ್ತೆ ಸರಿ ಮಾಡಿಕೊಳ್ಳುತ್ತದೆ; ಪರದೇಶದಲ್ಲಿ ಒಬ್ಬಂಟಿಯಾಗಿ ತವರಿನ ರುಚಿಯನ್ನು ನೆನಪಿನಿಂದ ಹೆಕ್ಕುವ ಹೆಣ್ಣಿನ ಪಾಡು ಅವನ ಕೈಗೇ ತಿಳಿಯುತ್ತದೆ. ಸಿನಿಮಾದಲ್ಲಿ ಅವಳು ಮಾಡುವುದನ್ನು ನೋಡುತ್ತೇವೆ, ಇಲ್ಲಿ ನಾವು ಮಾಡಿದರೆ ಮಾತ್ರ ಕಥೆ ಮುಂದೆ ಸಾಗುತ್ತದೆ. ವೆಣ್ಬಾಗೆ 2024ರಲ್ಲಿ ಚೊಚ್ಚಲ ಗೇಮ್‌ಗೆ ಕೊಡುವ ಬಾಫ್ಟಾ ಪ್ರಶಸ್ತಿ ಬಂತು. ಕನ್ನಡದ ಮನೆಯೊಂದರ ಕಥೆಯನ್ನು ಅಷ್ಟು ದೂರಕ್ಕೆ ಮುಟ್ಟಿಸುವ ಗೇಮ್ ಬರಲೆಂಬ ಆಸೆ ನನ್ನದು. ಸಾಫ್ಟ್‌ವೇರ್‌ಗೆ ಹೆಸರಾದ ಬೆಂಗಳೂರು ಇರುವ ನಾಡಿಗೆ ಅದು ಆಗದ ಕೆಲಸವೇನಲ್ಲ.

ಈಗ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ, ಚಟದ್ದು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯ 11ನೇ ಆವೃತ್ತಿಯಲ್ಲಿ ಗೇಮಿಂಗ್ ಗೀಳನ್ನು ಸೇರಿಸಿದೆ. 2019ರಲ್ಲಿ ಅಂಗೀಕಾರವಾದ ಆ ಪಟ್ಟಿ 2022ರಿಂದ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಅತಿಬಳಕೆಗೆಂದು ‘ಷಟ್’ ಕ್ಲಿನಿಕ್ ತೆರೆದಿದೆ. ಅಲ್ಲಿಗೆ ಮಕ್ಕಳನ್ನು ಕರೆದುಕೊಂಡು ಬರುವ ತಂದೆ ತಾಯಿಯ ಸಂಕಟವನ್ನು ಅತಿರೇಕವೆಂದು ತಳ್ಳಿಹಾಕುವುದು ಕ್ರೌರ್ಯ. ಆದರೆ ಆ ಗೀಳಿನ ಲಕ್ಷಣಗಳನ್ನು ಸರಿಯಾಗಿ ಓದಿದರೆ ಅಲ್ಲಿ ಇಷ್ಟು ಗಂಟೆ ಎಂಬ ಮಿತಿಯೇ ಇಲ್ಲ. ಆಟದ ಮೇಲೆ ಹತೋಟಿ ತಪ್ಪಿರಬೇಕು, ಬೇರೆಲ್ಲ ಆಸಕ್ತಿ ಮತ್ತು ನಿತ್ಯದ ಕೆಲಸಗಳಿಗಿಂತ ಆಟವೇ ಮೇಲಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದಿರಬೇಕು, ಸಾಮಾನ್ಯವಾಗಿ ಇದು 12 ತಿಂಗಳಾದರೂ ನಡೆದಿರಬೇಕು. ರಜೆಯಲ್ಲಿ ದಿನವಿಡೀ ಆಡಿ, ಶಾಲೆ ಶುರುವಾದ ಕೂಡಲೇ ಕಡಿಮೆ ಮಾಡುವ ಹುಡುಗ ಈ ವಿವರಣೆಗೆ ಹೊಂದುವುದಿಲ್ಲ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ಗೇಮ್‌ಗಳನ್ನು ಆಡುವ ಸುಮಾರು 39 ಸಾವಿರ ಜನರ ನಿಜವಾದ ಆಟದ ಸಮಯವನ್ನು ಕಂಪನಿಗಳಿಂದಲೇ ಪಡೆದು ಆರು ವಾರ ಗಮನಿಸಿದರು. ಹೆಚ್ಚು ಗಂಟೆ ಆಡಿದ್ದರಿಂದ ಮನಸ್ಸಿನ ನೆಮ್ಮದಿ ಕೆಟ್ಟಿತು ಅಥವಾ ಸುಧಾರಿಸಿತು ಎನ್ನುವಂಥ ಗುರುತು ಹೆಚ್ಚೇನೂ ಸಿಗಲಿಲ್ಲ. ಇಷ್ಟಪಟ್ಟು ಆಡಿದರೋ, ಆಡದೆ ಇರಲಾಗದೆಂಬ ಒತ್ತಡಕ್ಕೆ ಆಡಿದರೋ ಎಂಬುದು ಮಾತ್ರ ವ್ಯತ್ಯಾಸ ತೋರಿಸಿತು. ಆ ಆಟಗಾರರೆಲ್ಲ ವಯಸ್ಕರು, ಇದನ್ನು ಹತ್ತು ವರ್ಷದ ಮಗುವಿಗೆ ಹಾಗೆಯೇ ಅನ್ವಯಿಸಲಾಗದು. ಮಕ್ಕಳಿಗೆ ನಿದ್ದೆ, ಬಿಸಿಲು, ಓಟ ಬೇಕು, ಅದಕ್ಕಾಗಿ ಮನೆಯಲ್ಲಿ ಸಮಯದ ಕಟ್ಟು ಇರಲಿ. ಆದರೆ ಗಡಿಯಾರವೊಂದನ್ನೇ ನೋಡುತ್ತಿದ್ದರೆ ನಿಜವಾದ ಅಪಾಯ ಬಾಗಿಲು ದಾಟಿ ಒಳಗೆ ಬಂದದ್ದು ತಿಳಿಯುವುದೇ ಇಲ್ಲ.

ಆ ಅಪಾಯ ಯಾವುದೆಂದರೆ, ನೇರ ಉತ್ತರದ ಸುಖವನ್ನು ನಕಲು ಮಾಡಿ ಮಾರುವುದು. ಹಲವು ಮೊಬೈಲ್ ಗೇಮ್‌ಗಳಲ್ಲಿ ದುಡ್ಡು ಕೊಟ್ಟು ಲೂಟ್ ಬಾಕ್ಸ್ ಎಂಬ ಪೆಟ್ಟಿಗೆ ಕೊಳ್ಳಬೇಕು. ಒಳಗೆ ಏನಿದೆ ಎಂಬುದು ತೆರೆಯುವವರೆಗೂ ಗೊತ್ತಿಲ್ಲ. ಚಕ್ರ ತಿರುಗುತ್ತದೆ, ಬೇಕಾದ ಬಂದೂಕಿನ ಪಕ್ಕದಲ್ಲೇ ನಿಲ್ಲುತ್ತದೆ, ಇನ್ನೇನು ಸಿಕ್ಕೇಬಿಟ್ಟಿತ್ತು ಎನಿಸುತ್ತದೆ. ಆಡುವವರ ಕೈಚಳಕಕ್ಕೂ ಆ ಫಲಕ್ಕೂ ಯಾವ ಸಂಬಂಧವೂ ಇಲ್ಲ. ಒಂದು ದಿನ ಲಾಗಿನ್ ಆಗದಿದ್ದರೆ ಕೂಡಿಟ್ಟ ಬೋನಸ್ ಹೋಗುತ್ತದೆ, ಮುಂದಿನ ಲೆವೆಲ್ ಆಡಬೇಕಾದರೆ ನಾಲ್ಕು ಗಂಟೆ ಕಾಯಬೇಕು ಇಲ್ಲವೇ ಹಣ ಕೊಡಬೇಕು. ಮಾರಿಯೊ ಸತ್ತಾಗ ಆಟ ಹೇಳುತ್ತಿದ್ದದ್ದು, ನೀನು ತಡವಾಗಿ ಹಾರಿದೆ ಎಂದು. ಇಲ್ಲಿ ಆಟ ಹೇಳುವುದು, ನೀನು ಕಡಿಮೆ ಕೊಟ್ಟೆ ಎಂದು. ಬೆಲ್ಜಿಯಂ 2018ರಲ್ಲಿ ಇಂಥ ಪೆಟ್ಟಿಗೆಗಳನ್ನು ಜೂಜೆಂದೇ ಪರಿಗಣಿಸಿತು. ಇಷ್ಟೆಲ್ಲ ಕೊಕ್ಕೆ ಹಾಕದಿದ್ದರೆ ಗೇಮ್ ನಡೆಯುವುದಿಲ್ಲ ಎನ್ನುವ ಕಂಪನಿಗಳಿಗೆ ವರ್ಡಲ್ ಉತ್ತರ ಕೊಟ್ಟಿದೆ. ಜೋಶ್ ವಾರ್ಡಲ್ ಎಂಬಾತ ಮಾಡಿದ ಆ ಪದದಾಟದಲ್ಲಿ ಜಾಹೀರಾತು ಇರಲಿಲ್ಲ, ದಿನಕ್ಕೆ ಒಂದೇ ಒಗಟು, ಐದಕ್ಷರ, ಆರು ಅವಕಾಶ. ಮುಗಿಯಿತೆಂದರೆ ನಾಳೆಯವರೆಗೆ ಕಾಯಬೇಕು. 2021ರ ನವೆಂಬರ್ 1ರಂದು ಅದನ್ನು ಆಡಿದವರು 90 ಮಂದಿ. ಎರಡು ತಿಂಗಳಲ್ಲಿ ಆ ಸಂಖ್ಯೆ 3 ಲಕ್ಷವಾಯಿತು.

ಭಾರತದಲ್ಲಿ ಆಟಕ್ಕೂ ಜೂಜಿಗೂ ನಡುವೆ ಗೆರೆ ಎಳೆಯುವ ಕೆಲಸ ಈಗ ಕಾನೂನಿನ ಅಂಗಳಕ್ಕೆ ಬಂದಿದೆ. ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ, ಇ–ಸ್ಪೋರ್ಟ್ಸ್ ಮತ್ತು ಸಾಮಾಜಿಕ ಗೇಮ್‌ಗಳಿಗೆ ಉತ್ತೇಜನ, ಹಣ ಕಟ್ಟಿ ಹಣ ಗೆಲ್ಲುವ ಗೇಮ್‌ಗಳಿಗೆ ನಿಷೇಧ ಎಂದು ವಿಂಗಡಿಸಿತು. ಇಂಥ ಗೇಮ್‌ಗಳಲ್ಲಿ 45 ಕೋಟಿ ಜನ ವರ್ಷಕ್ಕೆ ಸುಮಾರು ₹20 ಸಾವಿರ ಕೋಟಿ ಕಳೆದುಕೊಳ್ಳುತ್ತಿದ್ದರು ಎಂಬುದು ಸರ್ಕಾರದ ಅಂದಾಜು. ರಮ್ಮಿಯಲ್ಲಿ ಕೌಶಲವಿದೆ, ಅದನ್ನು ಜೂಜೆನ್ನಬಾರದು ಎಂಬುದು ಕಂಪನಿಗಳ ವಾದ. ರಮ್ಮಿ ಒಳ್ಳೆಯ ಆಟವೇ, ಮದುವೆ ಮನೆಯ ಜಗಲಿಯಲ್ಲಿ ಒಂದು ಪೈಸೆ ಇಲ್ಲದೆ ರಾತ್ರಿಯಿಡೀ ಆಡುತ್ತಾರೆ. ರಮ್ಮಿ ಆ್ಯಪ್‌ಗಳಿಂದ ಪಣವನ್ನು ತೆಗೆದುಹಾಕಿದರೆ ಎಷ್ಟು ಜನ ಉಳಿಯುತ್ತಾರೆ ಎಂದು ಕೇಳಿಕೊಂಡರೆ ಅಲ್ಲಿ ಮಾರಾಟವಾಗುತ್ತಿದ್ದದ್ದು ಏನೆಂದು ತಿಳಿಯುತ್ತದೆ. ಧರ್ಮರಾಯನನ್ನು ಕಾಡಿಗಟ್ಟಿದ್ದು ಪಗಡೆಯ ಹಾಸಲ್ಲ, ಅದರ ಮೇಲಿಟ್ಟ ಪಣ. ಕಾಯ್ದೆ ಎಳೆದ ಗೆರೆ ಸರಿಯಾದ ಜಾಗದಲ್ಲಿದೆ ಎಂದೇ ನನ್ನ ಅಭಿಪ್ರಾಯ. ಆದರೆ ಅದರ ಕಣ್ಣು ಇರುವುದು ಮುಖ್ಯವಾಗಿ ಹಣ ಗೆಲ್ಲುವ ಆಸೆ ತೋರಿಸುವ ಗೇಮ್‌ಗಳ ಮೇಲೆ. ಹಣವನ್ನು ಮರಳಿಸದೆ ಬರೀ ಬಣ್ಣದ ಬಂದೂಕು, ಬಣ್ಣದ ಅಂಗಿ ಕೊಟ್ಟು ಮಕ್ಕಳ ಕೈಯಿಂದ ಅಪ್ಪನ ಯುಪಿಐ ಒತ್ತಿಸುವ ಪೆಟ್ಟಿಗೆಗಳಿಗೂ ನಿಯಮ ಬೇಕು.

ಹಿಂಸೆಯ ವಿಷಯವನ್ನೂ ಹೇಳಿಬಿಡಬೇಕು. ಗುಂಡು ಹಾರಿಸುವ ಗೇಮ್ ಆಡಿದ ಹುಡುಗ ನಾಳೆ ನಿಜವಾಗಿಯೂ ಕೈಯೆತ್ತುತ್ತಾನೆ ಎಂಬ ಭಯ ದೊಡ್ಡದು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಪುರಾವೆಗಳನ್ನೆಲ್ಲ ಮತ್ತೆ ನೋಡಿ, ಕೂಗಾಟ ತಳ್ಳಾಟದಂಥ ಸಿಡುಕಿಗೂ ಇಂಥ ಗೇಮ್‌ಗೂ ಸಣ್ಣ ನಂಟು ಕಾಣುತ್ತದೆ, ಆದರೆ ಹಿಂಸಾಕೃತ್ಯಗಳಿಗೆ ಗೇಮೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದಿತು. ಏಳು ವರ್ಷದ ಮಗುವಿನ ಕೈಗೆ ಅವನ್ನು ಕೊಡಬಾರದು ಎನ್ನಲು ಇಷ್ಟು ಸಾಕು. ಗೇಮ್‌ನಿಂದ ಏನು ಪ್ರಯೋಜನ ಎಂಬ ಇನ್ನೊಂದು ಪ್ರಶ್ನೆಗೆ ಮಾತ್ರ ಗೇಮ್‌ಗಳ ಅಭಿಮಾನಿಗಳು ಅಗತ್ಯಕ್ಕಿಂತ ಹೆಚ್ಚು ತಲೆಬಾಗುತ್ತಾರೆ. ಬುದ್ಧಿ ಚುರುಕಾಗುತ್ತದೆ, ಏಕಾಗ್ರತೆ ಬರುತ್ತದೆ ಎಂದೆಲ್ಲ ಹೇಳಿಕೊಳ್ಳುತ್ತಾರೆ. ಅಂಥ ಮಾತನ್ನೇ ಜಾಹೀರಾತು ಮಾಡಿದ ಲುಮೋಸಿಟಿ ಎಂಬ ಅಮೆರಿಕದ ಸಂಸ್ಥೆ ಅದನ್ನು ಸಾಬೀತುಪಡಿಸಲಾಗದೆ 2016ರಲ್ಲಿ 20 ಲಕ್ಷ ಡಾಲರ್ ತೆರಬೇಕಾಯಿತು. ಆಟಕ್ಕೆ ಅಂಥ ಸಮರ್ಥನೆ ಬೇಕಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯ ಒಂದು ಭಾಗವನ್ನೇ, ಕೌತುಕನಿಧಿಯನ್ನು, ಆಟಗಳಿಗೆ ಮೀಸಲಿಟ್ಟರು. ತಾವೇ ಹೊಸ ಹಾಸುಗಳನ್ನು ರೂಪಿಸಿದರು. ಅಳಗುಳಿಮಣೆ, ಚೌಕಾಬಾರ, ಆಡು–ಹುಲಿ ಆಟಗಳನ್ನು ನಮ್ಮ ಅಜ್ಜಿಯರು ಆಡಿದ್ದು ಗಣಿತ ಸುಧಾರಿಸಲಿ ಎಂದಲ್ಲ. ಹುಲಿಯನ್ನು ಕಟ್ಟಿಹಾಕಿದ ಕ್ಷಣದ ಸಂತೋಷ ತನ್ನಷ್ಟಕ್ಕೆ ಪೂರ್ಣ. ಟೆಟ್ರಿಸ್‌ನ ಸಾಲು ಅಳಿದಾಗ ಆಗುವುದೂ ಅದೇ ಸಂತೋಷ.

ಗೇಮ್ ಆಡದ ತಂದೆ ತಾಯಿಗೆ ಯಾವುದು ಒಳ್ಳೆಯದು, ಯಾವುದು ಮೋಸ ಎಂದು ತಿಳಿಯುವುದು ಹೇಗೆ ಎಂದು ಕೇಳಬಹುದು. ಅರ್ಧ ಗಂಟೆ ಪಕ್ಕದಲ್ಲಿ ಕೂತು ನೋಡಿ, ಮಗ ಅಥವಾ ಮಗಳು ಸೋತಾಗ, ಯಾಕೆ ಸೋತೆ ಪುಟ್ಟಾ ಎಂದು ಕೇಳಿದರೆ ಸಾಕು. ‘ಝೋನ್ ಎಲ್ಲಿ ಬರುತ್ತೆ ಅಂತ ನೋಡ್ಕೊಳ್ಲಿಲ್ಲ, ಬಯಲಲ್ಲಿ ಓಡ್ದೆ’ ಎಂದೋ, ‘ಗೋಡೆ ಎತ್ತರ ಕಟ್ಟಿದ್ದೆ, ಬಾಗಿಲು ಹಾಕೋದು ಮರೆತೆ’ ಎಂದೋ ವಿವರಿಸಿದರೆ, ಆ ಮಗುವಿಗೆ ಆಟದಿಂದ ಸಿಗಬೇಕಾದ್ದು ಸಿಗುತ್ತಿದೆ. ‘ಇನ್ನೊಂದು ನೂರು ರೂಪಾಯಿ ಹಾಕಿದ್ರೆ ಬರ್ತಿತ್ತು’ ಎಂದರೆ ಆ ಗೇಮನ್ನು ಮೊಬೈಲಿನಿಂದ ತೆಗೆಸಲು ಹಿಂದೆ ಮುಂದೆ ನೋಡಬೇಕಿಲ್ಲ, ಅವರು ದಿನಕ್ಕೆ ಹತ್ತೇ ನಿಮಿಷ ಆಡುತ್ತಿದ್ದರೂ ಸರಿ. ಮೊದಲ ಬಗೆಯ ಉತ್ತರ ಕೊಟ್ಟವರನ್ನು ಊಟಕ್ಕೆ ಕರೆಯುವಾಗ ಮಾತ್ರ ಇನ್ನೆಷ್ಟು ಹೊತ್ತಿದೆ ಎಂದು ಒಂದು ಮಾತು ಕೇಳಿ, ಆ ಪಂದ್ಯ ಮುಗಿಸಲು ಬಿಡಿ. ನಾಲ್ವರ ತಂಡದ ಆನ್‌ಲೈನ್ ಪಂದ್ಯವನ್ನು ನಡುವೆ ನಿಲ್ಲಿಸಿಡಲು ಬರುವುದಿಲ್ಲ, ಒಬ್ಬರು ಎದ್ದು ಹೋದರೆ ಉಳಿದ ಮೂವರೂ ಸೋಲಬಹುದು.